ವೈಲ್ಡ್ ಥಿಂಗ್ಸ್ 2: ಕ್ಲೇಮ್ ಸೆಕ್ಷನ್‌ನಲ್ಲಿ ಕೂತವಳ ಕಣ್ಣಿಗೆ ಕಂಡದ್ದು

ಮೋಸದ ಕಥೆಗಳೆಂದರೆ ನನಗೆ ತುಂಬಾ ಇಷ್ಟ. ಮಂಗಳೂರಿನ ಒಂದು ಇನ್ಶೂರೆನ್ಸ್ ಆಫೀಸಿನ ಕ್ಲೇಮ್ ಸೆಕ್ಷನ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಸತ್ತವನ ಹಣ ಕೇಳಿಕೊಂಡು ಯಾರು ಬರುತ್ತಾರೆ, ಯಾವ ಕಾಗದ ತರುತ್ತಾರೆ, ಯಾವುದನ್ನು ತರುವುದಿಲ್ಲ ಅನ್ನುವುದರ ಮೇಲೇ ಸಿನಿಮಾ ನೋಡುವಾಗಲೂ ಕಣ್ಣು ಹೋಗುತ್ತದೆ. ‘ವೈಲ್ಡ್ ಥಿಂಗ್ಸ್ 2’ರ ಮುಖ್ಯ ಪಾತ್ರಗಳಲ್ಲಿ ಒಬ್ಬ ಇನ್ಶೂರೆನ್ಸ್ ತನಿಖೆಗಾರ ಅಂತ ಗೊತ್ತಾದ ಮೇಲೆ ನೋಡದೆ ಇರಲು ಮನಸ್ಸಾಗಲಿಲ್ಲ.

ಇದು 2004ರ ಚಿತ್ರ. ಥಿಯೇಟರಿಗೆ ಬರದೆ ಡಿವಿಡಿಯಲ್ಲಿ ಬಂದದ್ದು. ಮೊದಲನೆಯ ‘ವೈಲ್ಡ್ ಥಿಂಗ್ಸ್’ ಬಂದದ್ದು 1998ರಲ್ಲಿ. ಜಾನ್ ಮೆಕ್‌ನಾಟನ್ ನಿರ್ದೇಶನ, ಕೆವಿನ್ ಬೇಕನ್, ಮ್ಯಾಟ್ ಡಿಲನ್, ನೀವ್ ಕ್ಯಾಂಪ್‌ಬೆಲ್, ಡೆನಿಸ್ ರಿಚರ್ಡ್ಸ್ ಅಂಥವರ ಅಭಿನಯ. ಎರಡನೆಯದರಲ್ಲಿ ಆ ಯಾರೂ ಇಲ್ಲ. ಉಳಿದದ್ದು ಫ್ಲಾರಿಡಾದ ‘ಬ್ಲೂ ಬೇ’ ಎಂಬ ಊರು ಮತ್ತು ಕಥೆಯ ಅಚ್ಚು ಮಾತ್ರ.

ಕಥೆಯ ಎಳೆ ಮಾತ್ರ ನಿಜಕ್ಕೂ ಒಳ್ಳೆಯದು. ಒಬ್ಬ ಸಿರಿವಂತ ತನ್ನ ವಿಮಾನ ಬಿದ್ದು ಸಾಯುತ್ತಾನೆ. ಮನೆಯಲ್ಲಿ ಮಲಮಗಳು ಬ್ರಿಟ್ನಿ ಇದ್ದಾಳೆ. ಅಷ್ಟರಲ್ಲಿ ಮಾಯಾ ಎಂಬ ಬಡ ಹುಡುಗಿ ಬಂದು, ನಾನು ಅವರ ಸ್ವಂತ ಮಗಳು ಅನ್ನುತ್ತಾಳೆ. ಡಿಎನ್‌ಎ ಪರೀಕ್ಷೆ ಆಗುತ್ತದೆ. ಎಲ್ಲೋ ಏನೋ ಸರಿ ಇಲ್ಲ ಎಂದು ಟೆರೆನ್ಸ್ ಬ್ರಿಡ್ಜ್ ಎಂಬ ಇನ್ಶೂರೆನ್ಸ್ ತನಿಖೆಗಾರ ಮೂಗು ತೂರಿಸುತ್ತಾನೆ. ಇಷ್ಟು ಸಿಕ್ಕಿದರೆ ಸಾಕಲ್ವಾ? ನನ್ನಂಥವಳಿಗೆ ಇದು ಹಬ್ಬದೂಟ.

ಆದರೆ ಸಿನಿಮಾಗೆ ಆ ತನಿಖೆಯ ಮೇಲೇ ಆಸಕ್ತಿ ಇಲ್ಲ. ಮಂಗಳೂರಿನವರಿಗೆ ವಿಮಾನ ಬೀಳುವುದು, ಡಿಎನ್‌ಎ ನೋಡಿ ಗುರುತು ಹಿಡಿಯುವುದು ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು, ಉಳಿದದ್ದು 8 ಮಂದಿ. ಸುಟ್ಟ ದೇಹಗಳನ್ನು ಗುರುತಿಸಲು ರಕ್ತ ಸಂಬಂಧಿಗಳ ಸ್ಯಾಂಪಲ್ ಹೈದರಾಬಾದಿಗೆ ಹೋಯಿತು. ಅಷ್ಟಾದರೂ ಗುರುತು ಸಿಗದವರನ್ನು ಕೂಳೂರಿನ ಹತ್ತಿರ ಫಲ್ಗುಣಿ ನದಿಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಒಂದು ಸ್ಯಾಂಪಲ್‌ಗಾಗಿ, ಒಂದು ರಿಪೋರ್ಟಿಗಾಗಿ ಮನೆಯವರು ಹೇಗೆ ಕಾಯುತ್ತಾರೆ ಅನ್ನುವುದನ್ನು ಈ ಊರು ನೋಡಿದೆ.

ಆ ಕಾಯುವಿಕೆಯಲ್ಲೇ ಥ್ರಿಲ್ಲರ್ ಇದೆ ಅಂತ ನನ್ನ ಗಟ್ಟಿ ನಂಬಿಕೆ. ಸ್ಯಾಂಪಲ್ ತೆಗೆದವರು ಯಾರು, ಸೀಲ್ ಹಾಕಿದವರು ಯಾರು, ಯಾರ ಕೈಯಿಂದ ಯಾರ ಕೈಗೆ ಹೋಯಿತು? ಸುಳ್ಳು ನುಸುಳುವುದೇ ಆ ಸಂದಿಯಲ್ಲಿ. ನಮ್ಮಲ್ಲಿ ಅಪಘಾತದ ಸಾವಾದರೆ ಎಫ್‌ಐಆರ್, ಪೋಸ್ಟ್‌ಮಾರ್ಟಂ ರಿಪೋರ್ಟ್ ಕೇಳುತ್ತೇವೆ. ನಾಮಿನಿ ಇಲ್ಲದೆ ವಾರಸುದಾರರು ಕಿತ್ತಾಡಿದರೆ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತರಲು ಹೇಳುತ್ತೇವೆ. ಒಂದೊಂದು ಕಾಗದದ ಹಿಂದೆಯೂ ಒಬ್ಬ ಮನುಷ್ಯ ಇರುತ್ತಾನೆ, ಅವನಿಗೆ ಒಂದು ಬೆಲೆಯೂ ಇರಬಹುದು. ಸಿನಿಮಾ ಈ ಬಾಗಿಲ ತನಕ ಬರುತ್ತದೆ, ಒಳಗೆ ಕಾಲಿಡುವುದಿಲ್ಲ. ಪರೀಕ್ಷೆ ಆಯಿತು, ರಿಪೋರ್ಟ್ ಬಂತು, ಮುಂದಿನ ದೃಶ್ಯ. ನನಗೆ ತುಂಬಾ ಬೇಸರವಾದದ್ದು ಇಲ್ಲೇ.

ಮೊದಲ ಚಿತ್ರ ನೋಡದವರು ಈ ಪ್ಯಾರಾ ಬಿಟ್ಟುಬಿಡಿ. ಅಲ್ಲಿ ಒಂದು ಹುಡುಗಿ ಕಾಣೆಯಾಗುತ್ತಾಳೆ. ಸಮುದ್ರ ತೀರದಲ್ಲಿ ಅವಳ ರಕ್ತ ಸಿಗುತ್ತದೆ, ಹಲ್ಲು ಸಿಗುತ್ತದೆ. ಪೊಲೀಸರು ಅವಳು ಸತ್ತಳು ಅಂತಲೇ ನಂಬುತ್ತಾರೆ. ನಾನೂ ನಂಬಿದೆ, ಯಾಕೆಂದರೆ ದೇಹ ಸಿಗದ ಕಡೆ ಹಲ್ಲಿನಷ್ಟು ಗಟ್ಟಿ ಸಾಕ್ಷಿ ಕಡಿಮೆ. ಸಿನಿಮಾ ಮುಗಿದು ಹೆಸರುಗಳು ಬರುತ್ತಿರುವಾಗ ನಡುನಡುವೆ ತುಣುಕು ದೃಶ್ಯಗಳನ್ನು ತೋರಿಸುತ್ತಾರೆ. ಆ ಹುಡುಗಿ ಇಕ್ಕಳ ಹಿಡಿದು ತನ್ನ ಹಲ್ಲನ್ನು ತಾನೇ ಕಿತ್ತುಕೊಳ್ಳುತ್ತಾಳೆ. ನೋಡುವಾಗ ದವಡೆ ಜುಮ್ಮೆನ್ನುತ್ತದೆ. ಇಷ್ಟು ನೋವು ತಿನ್ನಲು ಅವಳೊಳಗೆ ಎಂಥ ಸಿಟ್ಟಿರಬೇಕು! ಜೌಗಿನ ಅಂಚಿನ ಬಡ ಹುಡುಗಿಗೆ ಊರಿನ ದೊಡ್ಡವರ ಮೇಲಿದ್ದ ಆ ಸಿಟ್ಟು ಕಥೆಯ ತಿರುವಿಗೆ ಬೇರಿನಂತೆ ನಿಂತಿತ್ತು. ಎರಡನೆಯ ಚಿತ್ರದಲ್ಲೂ ತಿರುವಿನ ಮೇಲೆ ತಿರುವು ಬರುತ್ತವೆ, ಆದರೆ ಅವಕ್ಕೆ ಬೇರಿಲ್ಲ. ಬ್ರಿಟ್ನಿಗೆ ಏನು ಬೇಕು? ಹಣ. ಮಾಯಾಗೆ? ಹಣ. ಆ ಹಣ ಬಂದರೆ ಯಾವ ಬದುಕಿನಿಂದ ಬಿಡುಗಡೆ ಎಂದು ನಮಗೆ ತಿಳಿಯುವುದೇ ಇಲ್ಲ.

ಇನ್ನು ಹಸಿಬಿಸಿ ದೃಶ್ಯಗಳ ವಿಷಯ. ಇಂಥ ಚಿತ್ರದಲ್ಲಿ ಅವು ಇರುತ್ತವೆ, ಅದಕ್ಕೆ ನನ್ನ ತಕರಾರಿಲ್ಲ. ಮೊದಲ ಚಿತ್ರದ ಮೋಟೆಲ್ ದೃಶ್ಯ ನೋಡಿ. ಆರೋಪ ಮಾಡಿದ ಇಬ್ಬರು ಹುಡುಗಿಯರು, ಆರೋಪ ಹೊತ್ತ ಶಿಕ್ಷಕ, ಈ ಮೂವರು ಒಂದೇ ಕೋಣೆಯಲ್ಲಿರುವುದು ಕಂಡ ಕ್ಷಣವೇ ಅಲ್ಲಿಯವರೆಗಿನ ಕೋರ್ಟು, ಕಣ್ಣೀರು, ಆರೋಪ ಎಲ್ಲ ತಲೆಕೆಳಗಾಗುತ್ತದೆ. ಆ ದೃಶ್ಯ ತೆಗೆದರೆ ಕಥೆಯೇ ಇಲ್ಲ. ಇಲ್ಲಿ ಆ ದೃಶ್ಯಗಳು ಬರುವುದು ಮೊದಲ ಭಾಗದಲ್ಲಿ ಇತ್ತು ಅನ್ನುವ ಕಾರಣಕ್ಕೆ. ನಟಿಯರಿಗೂ ಅಲ್ಲಿ ಮಾಡಲು ಏನೂ ಕೊಟ್ಟಿಲ್ಲ, ಸುಮ್ನೆ ಕ್ಯಾಮೆರಾಗೆ ಕಾಣಿಸಬೇಕು ಅಷ್ಟೇ. ಒಂದು ಹೆಣ್ಣಾಗಿ ಅದನ್ನು ನೋಡುವಾಗ ಅವರ ಬಗ್ಗೆ ಮರುಕವಾಯಿತು.

ಅದೇ ಕಥೆಯನ್ನು ಮತ್ತೆ ಹೇಳಿದ್ದು ತಪ್ಪು ಅನ್ನುವವರ ಜೊತೆ ನಾನಿಲ್ಲ. ತಾಳಮದ್ದಳೆಯಲ್ಲಿ ಅದೇ ಪ್ರಸಂಗವನ್ನು ಎಷ್ಟು ಸಲ ಕೇಳಿಲ್ಲ ನಾವು? ಅರ್ಥಧಾರಿಯ ಮಾತಿಗೆ ಎದುರು ಮಾತು ಹುಟ್ಟುವುದನ್ನು ಕೇಳಲು ಮತ್ತೆ ಹೋಗಿ ಕೂರುತ್ತೇವೆ. ಈ ಚಿತ್ರದಲ್ಲಿ ಸತ್ತುಹೋಗಿರುವುದು ಆ ಮಾತು. ಮೊದಲನೆಯದರಲ್ಲಿ ಕುತ್ತಿಗೆಗೆ ಸುಳ್ಳುಪಟ್ಟಿ ಕಟ್ಟಿಕೊಂಡು ಕೂರುವ ವಕೀಲನಾಗಿ ಬಿಲ್ ಮರ್ರೆ ಇದ್ದರು. ಬಾಯಿ ತೆರೆದರೆ ಸಾಕು, ಆ ಊರಿನ ಬಣ್ಣವೇ ಬಯಲಾಗುತ್ತಿತ್ತು. ಇಲ್ಲಿ ಅಂಥ ಒಬ್ಬನೂ ಇಲ್ಲ. ಊರಿನ ಸೆಖೆಯೂ ಇಲ್ಲ. ಮೇ ತಿಂಗಳ ಮಂಗಳೂರಿನಲ್ಲಿ ಕೂತು ಮೊದಲ ಚಿತ್ರ ನೋಡಿದರೆ ಆ ಬೆವರು ನಮ್ಮದೇ ಅನ್ನಿಸುತ್ತದೆ. ಜೆಫ್ರಿ ಕಿಂಬಲ್ ಅವರ ಕ್ಯಾಮೆರಾ ಹಾಗಿತ್ತು.

ತನಿಖೆಗಾರನಾಗಿ ಮಾಡಿದ ಐಸಾಯಾ ವಾಷಿಂಗ್ಟನ್ ಮಾತ್ರ ಮನಸ್ಸಿಟ್ಟು ನಟಿಸಿದ್ದಾರೆ. ಎದುರಿಗಿರುವವರು ಸುಳ್ಳು ಹೇಳುವಾಗ ಸುಮ್ಮನೆ ಕೇಳಿಸಿಕೊಳ್ಳುವ ಅವರ ಆ ತಾಳ್ಮೆ ನಮ್ಮ ಕೆಲಸದವರಿಗೆ ಚೆನ್ನಾಗಿ ಗೊತ್ತು. ಇಡೀ ಸಿನಿಮಾ ಅವರ ಬೆನ್ನ ಹಿಂದೆ ನಡೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇದೇ ಸರಣಿಯಲ್ಲಿ 2005 ಮತ್ತು 2010ರಲ್ಲಿ ಇನ್ನೆರಡು ಬಂದಿವೆ. ಎರಡನೆಯದನ್ನು ನೋಡಿದ ಮೇಲೆ ಅವುಗಳ ಕಡೆ ಹೋಗಲು ನನಗೆ ಮನಸ್ಸಿಲ್ಲ. ನೀವು ನೋಡುವುದಾದರೆ 1998ರದ್ದನ್ನೇ ನೋಡಿ, ಹೆಸರುಗಳು ಮುಗಿಯುವ ತನಕ ಎದ್ದೇಳಬೇಡಿ. ಮನೆಯ ಹಾಲ್‌ನಲ್ಲಿ ಮಕ್ಕಳಿರುವಾಗ ಮಾತ್ರ ಎರಡನ್ನೂ ಹಾಕಬೇಡಿ.