ಸ್ಪಾಟಿಫೈ ಕೀ ಎರರ್‌ಗೆ ಸಿಕ್ಕ ಸಿಕ್ಕ ಕಮಾಂಡ್ ಅಂಟಿಸಬೇಡಿ

ಬದಿಯಡ್ಕ ಕಡೆಯ ಒಂದು ಮನೆಯ ಉಬುಂಟು (ಲಿನಕ್ಸ್‌ನ ಒಂದು ಬಗೆ) ಲ್ಯಾಪ್‌ಟಾಪ್. ಯಕ್ಷಗಾನದ ಪದ ಕೇಳಲೆಂದು ಸ್ಪಾಟಿಫೈ ಹಾಕಿದ್ದರು. ಒಂದು ದಿನ ತಂತ್ರಾಂಶ ತರುವ ಆಪ್ಟ್‌ಗೆ ಅಪ್‌ಡೇಟ್ ಕೊಟ್ಟಾಗ 'ನೋ ಪಬ್‌ಕೀ', ಅಂದರೆ ಸಹಿ ಪರೀಕ್ಷಿಸುವ ಕೀ ಇಲ್ಲ ಎಂಬ ಎರರ್ ಬಂತು. ಯಾವುದೋ ಸೈಟಿನಲ್ಲಿದ್ದ ಒಂದು ಸಾಲಿನ ಕಮಾಂಡ್ ಅಂಟಿಸಿ, ಸುಡೋ (ಪೂರ್ಣ ಅಧಿಕಾರ ಕೊಡುವ) ಪಾಸ್‌ವರ್ಡ್ ಒತ್ತಿದರು. ಎರರ್ ಹೋಯಿತು. ಆದರೆ ಕೆಲವೇ ದಿನಗಳಲ್ಲಿ, ಯಾವ ಕೆಲಸವೂ ಇಲ್ಲದಿದ್ದಾಗಲೂ ಫ್ಯಾನ್ ಬುರ್ರೆಂದು ತಿರುಗತೊಡಗಿತು.

ಆಪ್ಟ್ ಎಲ್ಲಿಂದ ತರಬೇಕೆಂದು ಬರೆದಿಡುವ ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ ಫೋಲ್ಡರಿನಲ್ಲಿ ಹೊಸ ಫೈಲ್ ಸಿಕ್ಕಿತು. ಅದರ ಮೊದಲ ಸಾಲಿನಲ್ಲೇ, ಚೌಕ ಆವರಣದೊಳಗೆ 'ಟ್ರಸ್ಟೆಡ್ ಈಕ್ವಲ್ಸ್ ಯೆಸ್', ಪಕ್ಕದಲ್ಲಿ ಸಂಬಂಧವಿಲ್ಲದ ಸರ್ವರಿನ ವಿಳಾಸ. ಹೀಗೆ ಬರೆದರೆ ಆಪ್ಟ್ ಆ ಸರ್ವರಿನ ಸಹಿಯನ್ನು ಪರೀಕ್ಷಿಸುವುದೇ ಇಲ್ಲ. ಆಪ್ಟ್ ಹಾಕುವ ಡೆಬ್ ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್‌ಗಳು ರೂಟ್ (ಪೂರ್ಣ) ಅಧಿಕಾರದಲ್ಲೇ ಓಡುವುದರಿಂದ, ಅಲ್ಲಿಂದ ಬಂದದ್ದು ಏನು ಬೇಕಾದರೂ ಮಾಡಬಹುದು.

ಆ ಎರರ್‌ಗೆ ನಿಜವಾದ ಕಾರಣ ಸಣ್ಣದು. ಸ್ಪಾಟಿಫೈ ತನ್ನ ರೆಪೊಸಿಟರಿಗೆ (ಪ್ಯಾಕೇಜುಗಳನ್ನು ಇಟ್ಟಿರುವ ಸರ್ವರಿಗೆ) ಸಹಿ ಹಾಕುವ ಕೀಯನ್ನು ಆಗಾಗ ಬದಲಿಸುತ್ತದೆ; ಹಳೆಯ ಕೀ ಮಾತ್ರ ಇರುವ ಸಿಸ್ಟಮ್ ಹೊಸ ಸಹಿಯನ್ನು ಗುರುತಿಸುವುದಿಲ್ಲ. ಸ್ಪಾಟಿಫೈಯ ಲಿನಕ್ಸ್ ಪುಟದಲ್ಲೇ ಹೊಸ ಕೀ ತರುವ ಕಮಾಂಡ್ ಇರುತ್ತದೆ. ಅದನ್ನು ಓಡಿಸಿ ಮತ್ತೆ ಅಪ್‌ಡೇಟ್ ಕೊಟ್ಟರೆ ಮುಗಿಯಿತು. ಲಿನಕ್ಸ್ ಆವೃತ್ತಿಗೆ ತಾವು ಸಕ್ರಿಯ ಬೆಂಬಲ ಕೊಡುವುದಿಲ್ಲ, ಎಂಜಿನಿಯರುಗಳು ಪ್ರೀತಿಯಿಂದ ನಡೆಸುತ್ತಿರುವ ಕೆಲಸವಿದು ಎಂದು ಆ ಕಂಪನಿಯೇ ಹೇಳಿಕೊಂಡಿದೆ. ಆದ್ದರಿಂದ ಇಂಥ ತೊಡಕು ಮತ್ತೆಯೂ ಬಂದೀತು.

ಕೀಯ ರಗಳೆಯೇ ಬೇಡವೆಂದರೆ ಉಬುಂಟುವಿನ ಇನ್ನೊಂದು ಪ್ಯಾಕೇಜ್ ವ್ಯವಸ್ಥೆಯಾದ ಸ್ನ್ಯಾಪ್ ಇದೆ: 'ಸುಡೋ ಸ್ನ್ಯಾಪ್ ಇನ್‌ಸ್ಟಾಲ್ ಸ್ಪಾಟಿಫೈ' ಸಾಕು, ಮುಂದಿನ ಅಪ್‌ಡೇಟ್ ತಾನಾಗಿ ಬರುತ್ತದೆ. ಹಾಕುವ ಮೊದಲು 'ಸ್ನ್ಯಾಪ್ ಇನ್ಫೋ ಸ್ಪಾಟಿಫೈ' ಕೊಟ್ಟು ಪ್ರಕಾಶಕರ ಹೆಸರು ನೋಡಿಕೊಳ್ಳಿ. ಆದರೆ ಲಿನಕ್ಸ್‌ನ ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್‌ನಲ್ಲಿ ಸ್ನ್ಯಾಪ್ ಅನ್ನು ಬೇಕೆಂದೇ ತಡೆದಿರುತ್ತಾರೆ. ಅಪರೂಪಕ್ಕೆ ಕೇಳುವವರಿಗೆ ಫೈರ್‌ಫಾಕ್ಸೇ ಒಳ್ಳೆಯದು. ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ (ನಕಲು ತಡೆಯಿರುವ ಹಾಡು ನುಡಿಸುವ ಸೌಲಭ್ಯ) ಆನ್ ಮಾಡಿದರೆ ವೆಬ್ ಪ್ಲೇಯರ್ ಹಾಡುತ್ತದೆ, ಸುಡೋ ಬೇಕಾಗಿಲ್ಲ.

ಅಂಥ ಕಮಾಂಡ್ ಈಗಾಗಲೇ ಅಂಟಿಸಿದ್ದರೆ ಮೊದಲು ವೈಫೈ ಆಫ್ ಮಾಡಿ. ಇಟಿಸಿ ಆಪ್ಟ್ ಫೋಲ್ಡರಿನಲ್ಲಿ 'ಟ್ರಸ್ಟೆಡ್' ಪದವನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ, 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್' ಕೊಟ್ಟು ಗುರುತಿಲ್ಲದ ಟೈಮರ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ) ಇದೆಯೇ ನೋಡಿ. ಸಿಕ್ಕಿದ್ದನ್ನು ಅಳಿಸಿದ ಮಾತ್ರಕ್ಕೆ ನಂಬಬೇಡಿ. ರೂಟ್ ಆಗಿ ಓಡಿದ ಸ್ಕ್ರಿಪ್ಟ್ ಇನ್ನೆಲ್ಲಿ ಕೈಯಾಡಿಸಿದೆಯೋ ತಿಳಿಯುವ ದಾರಿಯಿಲ್ಲ. ಫೋಟೊ, ದಾಖಲೆಗಳನ್ನಷ್ಟೇ ಪೆನ್‌ಡ್ರೈವ್‌ಗೆ ತೆಗೆದು, ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಉಬುಂಟು ಹಾಕಿ. ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಆ ಲ್ಯಾಪ್‌ಟಾಪಿನಲ್ಲಿ ಬದಲಿಸಬೇಡಿ, ಫೋನಿನಲ್ಲಿ ಬದಲಿಸಿ.