ಕ್ಯೂಟೈಲ್, ಆಸಮ್, ಎಕ್ಸ್‌ಮೊನಾಡ್: ಹಳೆ ಲ್ಯಾಪ್‌ಟಾಪಿಗೆ ಯಾವುದು?

ಹಾಸನದ ಕಾಲೇಜು ಹುಡುಗರ ಕೈಯಲ್ಲಿರುವ 4 ಜಿಬಿ ಲ್ಯಾಪ್‌ಟಾಪಿಗೆ ಲಿನಕ್ಸ್‌ನ ಪೂರ್ಣ ಡೆಸ್ಕ್‌ಟಾಪ್ ಆದ ಗ್ನೋಮ್ ಭಾರ. ಬರೀ ವಿಂಡೋ ಮ್ಯಾನೇಜರ್ (ಪರದೆಯ ಮೇಲೆ ವಿಂಡೋಗಳನ್ನು ಜೋಡಿಸುವ ತಂತ್ರಾಂಶ) ಹಾಕಿಕೊಂಡು ಬಾರ್, ಮೆನು, ಶಾರ್ಟ್‌ಕಟ್ಟುಗಳನ್ನು ನಾವೇ ಕೋಡ್ ಬರೆದು ಕಟ್ಟಿಕೊಳ್ಳಬಹುದು: ಪೈಥಾನ್ ಗೊತ್ತಿದ್ದರೆ ಕ್ಯೂಟೈಲ್, ಲುವಾ ಆದರೆ ಆಸಮ್, ಹ್ಯಾಸ್ಕೆಲ್ ಆದರೆ ಎಕ್ಸ್‌ಮೊನಾಡ್. ಮೂರನ್ನೂ ಒಂದೇ ಯಂತ್ರದಲ್ಲಿ ಓಡಿಸಿದಾಗ ವ್ಯತ್ಯಾಸ ಎದ್ದು ಕಂಡದ್ದು ಕಾನ್ಫಿಗ್ (ಆ ಕೋಡ್ ಬರೆದ ಫೈಲ್) ಕೆಟ್ಟಾಗ ಮತ್ತು ಪರದೆಗೆ ಕನ್ನಡ ಬಂದಾಗ.

ಎಕ್ಸ್‌ಮೊನಾಡ್ ವಿಷಯ ಬೇಗ ಮುಗಿಸೋಣ. ಕೋಡಿನಲ್ಲಿ ಡೇಟಾ ಟೈಪ್ ತಪ್ಪಿದ್ದರೆ ಕಂಪೈಲ್ ಆಗುವುದೇ ಇಲ್ಲ, ಹಳೆಯದೇ ಓಡುತ್ತಿರುತ್ತದೆ. ಇಷ್ಟು ಗಟ್ಟಿ ಕಾವಲು ಉಳಿದೆರಡಕ್ಕಿಲ್ಲ. ಆದರೆ ಒಂದು ಸಾಲು ಬದಲಿಸಲೂ ಹ್ಯಾಸ್ಕೆಲ್ ಭಾಷೆಯ ಜಿಎಚ್‌ಸಿ ಕಂಪೈಲರ್ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರಿಗೆ ಆ ಡೌನ್‌ಲೋಡೇ ದುಬಾರಿ. ಜೊತೆಗೆ ಅದರ ಟ್ಯಾಬ್, ಪ್ರಾಂಪ್ಟುಗಳು ಅಕ್ಷರ ಬರೆಯುವುದು ಎಕ್ಸ್‌ಎಫ್‌ಟಿ ಎಂಬ ಫಾಂಟ್ ಲೈಬ್ರರಿ ಮೂಲಕ. ಅದಕ್ಕೆ ಅಕ್ಷರ ಜೋಡಿಸಲು ಬಾರದು, ಒತ್ತಕ್ಷರ ಒಡೆದು ಬೀಳುತ್ತದೆ.

ಕ್ಯೂಟೈಲ್, ಆಸಮ್ ಎರಡೂ ಅಕ್ಷರ ಜೋಡಿಸಬಲ್ಲ ಪ್ಯಾಂಗೊ ಲೈಬ್ರರಿ ಬಳಸುವುದರಿಂದ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಇದ್ದರೆ ಸಾಕು.

ಕ್ಯೂಟೈಲ್‌ನಲ್ಲಿ ಕಾನ್ಫಿಗ್ ಬದಲಿಸಿದ ಮೇಲೆ ಮೊದಲು ತಪ್ಪು ಹುಡುಕುವ 'ಕ್ಯೂಟೈಲ್ ಚೆಕ್' ಆದೇಶ, ಆಮೇಲೆ ಅದನ್ನು ಮತ್ತೆ ಓದಿಸಲು ಮಾಡ್-ಕಂಟ್ರೋಲ್-ಆರ್ (ಮಾಡ್ ಎಂದರೆ ಸಾಮಾನ್ಯವಾಗಿ ವಿಂಡೋಸ್ ಕೀ). ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ, ಹಾಗಾಗಿ ಬಾರಿನಲ್ಲಿ ಬ್ಯಾಟರಿ ಮಟ್ಟ ತೋರಿಸುವ ವಿಜೆಟ್ ಮುಖ್ಯ. ಕ್ಯೂಟೈಲ್‌ನಲ್ಲಿ ಅದು ಸಿದ್ಧವಾಗಿಯೇ ಇದೆ. 'ನೋಟಿಫೈ ಬಿಲೋ' ಮೌಲ್ಯ 20 ಎಂದು ಕೊಟ್ಟರೆ, ಚಾರ್ಜ್ ಶೇ. 20ಕ್ಕಿಂತ ಇಳಿದಾಗ ಎಚ್ಚರಿಸುತ್ತದೆ. ಡನ್‌ಸ್ಟ್‌ನಂಥ ನೋಟಿಫಿಕೇಶನ್ ಸೇವೆ ಓಡುತ್ತಿಲ್ಲದಿದ್ದರೆ ಮಾತ್ರ ಆ ಎಚ್ಚರಿಕೆ ಯಾರಿಗೂ ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ಕಾಟ ಪೈಥಾನಿನದು. ಕ್ಯೂಟೈಲನ್ನು ಪೈಥಾನಿನ ಪಿಪ್ ಬಳಸಿ, ಪ್ರತ್ಯೇಕ ಪೈಥಾನ್ ಫೋಲ್ಡರ್ ಆದ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಹಾಕಿದ್ದು, ಸಿಸ್ಟಮ್ ಅಪ್‌ಗ್ರೇಡಿನಲ್ಲಿ ಪೈಥಾನ್ 3.11 ಹೋಗಿ 3.12 ಬಂತೆಂದರೆ, ಲಾಗಿನ್ ಆದ ತಕ್ಷಣ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತೀರಿ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಟರ್ಮಿನಲ್‌ನಲ್ಲಿ ಎನ್ವಿರಾನ್‌ಮೆಂಟ್ ಹೊಸದಾಗಿ ಕಟ್ಟಬೇಕು. ಡಿಸ್ಟ್ರೊ (ಲಿನಕ್ಸ್ ವಿತರಣೆ) ಕೊಡುವ ಪ್ಯಾಕೇಜ್ ಹಾಕಿದವರಿಗೆ ಈ ರಗಳೆ ಕಡಿಮೆ.

ಆಸಮ್‌ಗೆ ನೋಟಿಫಿಕೇಶನ್ ಒಳಗೇ ಇದೆ, ಬ್ಯಾಟರಿ ಇಲ್ಲ. ಸಿಸ್ಟಮ್‌ನ 'ಪವರ್ ಸಪ್ಲೈ' ಫೋಲ್ಡರಿನಲ್ಲಿರುವ 'ಕೆಪ್ಯಾಸಿಟಿ' ಫೈಲನ್ನು 60 ಸೆಕೆಂಡಿಗೊಮ್ಮೆ ಓದುವ 'ವಾಚ್' ವಿಜೆಟ್ ಬರೆದುಕೊಳ್ಳಿ, ನಾಲ್ಕೈದು ಸಾಲು. 'ಆಸಮ್ ಮೈನಸ್ ಕೆ' ಎಂಬ ಪರೀಕ್ಷೆ ವ್ಯಾಕರಣ ಮಾತ್ರ ನೋಡುತ್ತದೆ. ವೇರಿಯಬಲ್ ಹೆಸರು ತಪ್ಪಿದ್ದರೆ ಲುವಾ ಅದನ್ನು 'ನಿಲ್' ಎಂದುಕೊಂಡು ಸುಮ್ಮನಿದ್ದು, ಓಡುವಾಗ ಕೈಕೊಡುತ್ತದೆ. 2019ರ 4.3 ಆವೃತ್ತಿ ಹಾಕಿಕೊಂಡು ಇನ್ನೂ ಅಭಿವೃದ್ಧಿಯಲ್ಲಿರುವ ಗಿಟ್ ಆವೃತ್ತಿಯ ಕೈಪಿಡಿ ಓದಿದರೂ ಇದೇ ಗತಿ.

ಮೂರರಲ್ಲಿ ಯಾವುದಾದರೂ ಸರಿ, ಕನ್ನಡ ಟೈಪಿಂಗ್ ತಾನಾಗಿ ಬರುವುದಿಲ್ಲ. ಎಫ್‌ಸಿಐಟಿಎಕ್ಸ್5 ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿ, ಲಾಗಿನ್ ಆದಾಗ ಶುರುವಾಗುವಂತೆ ನಾವೇ ಬರೆಯಬೇಕು. ಕ್ಯೂಟೈಲ್‌ನಲ್ಲಿ ಅದರ ಜಾಗ 'ಸ್ಟಾರ್ಟಪ್ ಒನ್ಸ್' ಹುಕ್ (ಒಂದು ಘಟನೆಯಾದಾಗ ಓಡುವ ಕೋಡ್). 'ಸ್ಟಾರ್ಟಪ್' ಹುಕ್ಕಿನಲ್ಲಿಟ್ಟರೆ ಪ್ರತಿ ರೀಸ್ಟಾರ್ಟಿಗೂ ಮತ್ತೆ ಓಡುತ್ತದೆ.

ಹೊಸಬರಿಗೆ ಆಸಮ್, ಪೈಥಾನ್ ಪಳಗಿದವರಿಗೆ ಕ್ಯೂಟೈಲ್. ವೇಲ್ಯಾಂಡ್ (ಹಳೆಯ ಎಕ್ಸ್11ರ ಬದಲಿಗೆ ಬಂದ ಪರದೆ ವ್ಯವಸ್ಥೆ) ಬೇಕೇಬೇಕು ಎನ್ನುವವರಿಗೆ ಆಯ್ಕೆಯೇ ಇಲ್ಲ, ಕ್ಯೂಟೈಲ್ ಒಂದೇ.