ಜೀಪು ರಿಸ್ಟೋರೇಶನ್‌ಗೆ ಕೊಡೋ ಮುಂಚೆ ಇದನ್ನ ಒಂದ್ಸಲ ಓದಿ

ಸಕಲೇಶಪುರ, ಮೂಡಿಗೆರೆ, ಕೊಡಗು ಕಡೆ ತೋಟದ ಶೆಡ್ಡಲ್ಲಿ ಅಜ್ಜನ ಕಾಲದ ಮಿಲಿಟರಿ ಜೀಪು ಇಟ್ಕೊಂಡಿರೋರು ಪೂರ್ತಿ ಓದಿ. ನಮ್ಮ ದೊಡ್ಡಪ್ಪನ ಜೀಪಿಗೆ ಆಗಿದ್ದು ನಿಮ್ಮದಕ್ಕೆ ಆಗೋದು ಬೇಡ.

ಅದು ಫೋರ್ಡ್ ಜಿಪಿಡಬ್ಲ್ಯೂ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಅನ್ನೋ ಕಂಪನಿ ಸುಮಾರು 3.6 ಲಕ್ಷ ಜೀಪು ಮಾಡಿದ್ರೆ ಅದೇ ಡಿಸೈನಲ್ಲಿ ಫೋರ್ಡ್ ಸುಮಾರು 2.8 ಲಕ್ಷ ಮಾಡಿತ್ತು. ಯುದ್ಧ ಮುಗಿದ್ಮೇಲೆ ಹರಾಜಲ್ಲಿ ಅಜ್ಜ ತಗೊಂಡಿದ್ದು, ಕಾಫಿ ಮೂಟೆ ಹೊತ್ತು ಹೊತ್ತು ಸುಸ್ತಾಗಿ ನಿಂತಿತ್ತು. ದೊಡ್ಡಪ್ಪ ಆಸೆಪಟ್ಟು ಬೆಂಗಳೂರು ಹತ್ರ ಒಂದು ವರ್ಕ್‌ಶಾಪಿಗೆ ಕೊಟ್ರು (ಹೆಸರು ಹಾಕಲ್ಲ, ಕೇಳ್ಬೇಡಿ). "ಒರಿಜಿನಲ್ ಕಂಡೀಷನ್‌ಗೆ ತರ್ತೀವಿ ಸಾರ್" ಅಂದ್ರು, ದುಡ್ಡೂ ಅದಕ್ಕೆ ತಕ್ಕಂಗೇ ತಗೊಂಡ್ರು.

ವಾಪಸ್ ಬಂದಾಗ ಮನೆಯವರೆಲ್ಲ ಫಿದಾ. ಮುಂದೆ ಗ್ರಿಲ್ಲಲ್ಲಿ ಒಂಬತ್ತು ಸೀಳು, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಹಿಂದೆ ಜೆರ್ರಿಕ್ಯಾನ್. ಆಮೇಲೆ ಮಿಲಿಟರೀಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಮಾವ ಬಂದ್ರು, ನೋಡಿದ ತಕ್ಷಣ "ಇದೇನೋ ಇಷ್ಟು ಮಿಂಚ್ತಿದೆ, ಯುದ್ಧದ ಗಾಡಿ ಮಿಂಚಿದ್ರೆ ವಿಮಾನದವನಿಗೆ ಕಾಣಲ್ವಾ" ಅಂದು ಗಾಡಿ ಕೆಳಗೆ ನುಗ್ಗಿದ್ರು.

ಫೋರ್ಡಿನವರು ತಮ್ಮ ಬೋಲ್ಟಿನ ತಲೆ ಮೇಲೆಲ್ಲ ಚಿಕ್ಕದಾಗಿ ಎಫ್ ಅಕ್ಷರ ಒತ್ತಿರ್ತಾರೆ, ಬ್ರಾಕೆಟ್ಟು ಅದು ಇದು ಎಲ್ಲದರ ಮೇಲೂ ಇರುತ್ತೆ, ಚಿಕ್ಕವರಿದ್ದಾಗ ನಾವು ಅದನ್ನ ಉಗುರಲ್ಲಿ ಕೆರೆದು ಹುಡುಕ್ತಿದ್ವಿ. ಈಗ ಇಂಜಿನ್ ಸುತ್ತಮುತ್ತ ಬಿಟ್ರೆ ಒಂದೂ ಇಲ್ಲ, ಎಲ್ಲ ಅಂಗಡೀಲಿ ಸಿಗೋ ಹೊಸ ಬೋಲ್ಟು. ರೇಡಿಯೇಟರ್ ಕೆಳಗೆ ಚಾಸಿಯ (ಗಾಡಿ ಕೆಳಗಿನ ಚೌಕಟ್ಟಿನ) ಅಡ್ಡಪಟ್ಟಿ ಫೋರ್ಡಲ್ಲಿ ಬೋರಲು ಹಾಕಿದ ಯು ಆಕಾರದ್ದು, ವಿಲ್ಲಿಸ್‌ದು ದುಂಡು ಪೈಪು. ನಮ್ಮದ್ರಲ್ಲಿ ಈಗ ದುಂಡು ಪೈಪು! ಅಂದ್ರೆ ಚಾಸಿನೇ ಬೇರೆ. ಹೆಡ್‌ಲೈಟ್ ಹಿಂದಕ್ಕೆ ಮಗುಚಿ ರಾತ್ರಿ ಇಂಜಿನ್ ಮೇಲೆ ಬೆಳಕು ಬಿಡೋ ಥರ ಇತ್ತು, ಅದೂ ಇಲ್ಲ, ಫಿಕ್ಸ್ ಮಾಡಿದಾರೆ. ಹಿಂದಿನ ತಗಡಿಗೆ ಮಾವ ಆಯಸ್ಕಾಂತ ಹಿಡಿದ್ರೆ ನಿಲ್ತಾನೇ ಇಲ್ಲ, ಜಾರಿ ಬೀಳುತ್ತೆ, ಅಷ್ಟು ಪುಟ್ಟಿ ಬಳಿದಿದಾರೆ. ಕೆರೆದು ನೋಡಿದ್ರೆ ಮೇಲಿಂದ ಕೆಳಗೆ ವೆಲ್ಡಿಂಗ್ ಗೆರೆ. ಯುದ್ಧದ ಜೀಪಿಗೆ ಹಿಂದೆ ಬಾಗಿಲೇ ಇರಲಿಲ್ಲ, ಆಮೇಲೆ ಬಂದ ಸಿವಿಲ್ ಜೀಪಿಗೆ ಇತ್ತು. ಯಾವ್ದೋ ಲೋ ಬಾನೆಟ್ (ಬಾನೆಟ್ ತಗ್ಗಾಗಿರೋ) ಮಹೀಂದ್ರಾ ಜೀಪಿನ ಬಾಡಿ ತಂದು ಆ ಬಾಗಿಲನ್ನ ತಗಡು ಹಾಕಿ ಮುಚ್ಚಿದಾರೆ, ಅದರ ಏಳು ಸೀಳಿನ ಗ್ರಿಲ್ ಕಿತ್ತು ಒಂಬತ್ತರದ್ದು ಕೂರಿಸಿದಾರೆ ಅಷ್ಟೆ.

ವರ್ಕ್‌ಶಾಪಿನವನಿಗೆ ಫೋನ್ ಮಾಡಿದ್ರೆ "ಹಳೇದು ಕೊಳೆತೋಗಿತ್ತು ಸಾರ್, ಗುಜರಿಗೆ ಹಾಕಿದ್ವಿ, ಇದು ಅದಕ್ಕಿಂತ ಗಟ್ಟಿ" ಅಂತಾನೆ. ಗಟ್ಟಿ ಯಾರಿಗೆ ಬೇಕಿತ್ತು ಮಾರಾಯ. ಆ ಬಾಡಿ ಗುಜರಿಗೆ ಹೋಯ್ತೋ ಇನ್ಯಾರದ್ದೋ ಜೀಪಿಗೆ ಕೂತು ಒಳ್ಳೆ ರೇಟಿಗೆ ಹೋಯ್ತೋ ದೇವರಿಗೇ ಗೊತ್ತು.

ನಕಲು ಮಾಡೋದು ತಪ್ಪು ಅಂತಲ್ಲ. ಮಹೀಂದ್ರಾ ಮೇಲೆ ಮಿಲಿಟರಿ ಲುಕ್ ಕಟ್ಟಿಸ್ಕೊಂಡು ಖುಷಿಯಾಗಿ ಓಡಿಸೋರು ಬೇಕಾದಷ್ಟು ಜನ ಇದಾರೆ, ಹರಿಯಾಣದ ಮಂಡಿ ಡಬ್ವಾಲಿ ಅಂಥಾ ಜೀಪು ಕಟ್ಟೋದಕ್ಕೇ ಫೇಮಸ್ಸು. ನಕಲನ್ನ ನಕಲು ಅಂತಲೇ ಹೇಳಿ ಅದರ ರೇಟಿಗೇ ಕೊಡ್ಲಿ. ಅಸಲಿ ಗಾಡಿ ಒಳಗೆ ತಗೊಂಡು ನಕಲಿ ಹೊರಗೆ ಕಳಿಸಿ ರಿಸ್ಟೋರೇಶನ್ ಬಿಲ್ ಹಾಕೋದು ಮೋಸ.

ಕಾಗದದ ತಲೆನೋವು ಬೇರೆ. ಫೋರ್ಡಿನ ಚಾಸಿ ನಂಬರು ಚಾಸಿಯ ಎಡಗಡೆ ಉದ್ದಪಟ್ಟಿ (ರೈಲು) ಮೇಲೆ, ಇಂಜಿನ್ ಕೂರಿಸೋ ಮೌಂಟ್ ಹತ್ರ ಒತ್ತಿರುತ್ತೆ, ಆರ್‌ಸಿಯಲ್ಲೂ ಅದೇ ಇರೋದು, ಈಗ ಆ ರೈಲೇ ಇಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ (ನಂಬರಲ್ಲಿ ವಿಎ ಅಂತ ಬರುತ್ತಲ್ಲ) ಮಾಡಿಸೋ ಪ್ಲಾನಿತ್ತು. ಅದಕ್ಕೆ 50 ವರ್ಷ ದಾಟಿರೋದು ಮಾತ್ರ ಸಾಲಲ್ಲ, ಚಾಸಿ, ಬಾಡಿ, ಇಂಜಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಶೆಡ್ಡಲ್ಲಿ ತುಕ್ಕು ಹಿಡಿದು ನಿಂತಿದ್ದಾಗ ಆಗ್ತಿತ್ತೇನೋ, ಇಷ್ಟೆಲ್ಲ ಖರ್ಚು ಮಾಡಿದ್ಮೇಲೆ ಆಗಲ್ಲ.

ಕೇಸ್ ಹಾಕೋಣ ಅಂದ್ರೆ ಎಸ್ಟಿಮೇಟಲ್ಲಿ "ಬಾಡಿ ವರ್ಕ್" ಅಂತ ಮಾತ್ರ ಬರೆದಿದಾರೆ. ಅದಕ್ಕೇ ಹೇಳ್ತಿರೋದು, ಗಾಡಿ ಬಿಡೋ ಮುಂಚೆ ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಪ್ರಿಂಟ್ ತಗೊಳ್ಳಿ, ಅಡಿಯೆಲ್ಲ ಫೋಟೋ ಹೊಡೀರಿ, ಬಿಚ್ಚಿದ ಪ್ರತಿ ಪೀಸೂ ವಾಪಸ್ ಕೊಡ್ಬೇಕು ಅಂತ ಅವನ ಕೈಯಲ್ಲೇ ಬರೆಸ್ಕೊಳ್ಳಿ. ಕೊಳೆತ ತಗಡಾದ್ರೂ ಸರಿ, ಗೋಣಿಚೀಲದಲ್ಲಿ ತುಂಬಿ ಕೊಡು ಅನ್ನಿ. ಆಗಲ್ಲ ಅಂದ್ರೆ ಗಾಡಿ ಎತ್ಕೊಂಡು ಬಂದ್ಬಿಡಿ.